ಬಣ್ಣ ಬಂದ ಹಳೇ ಲಿಂಕನ್ ಸೆಂಟ್: ತೊಳೀಬೇಡಿ, ಮೊದಲು ನೋಡೋದು ಕಲೀರಿ

"ಅಮೆರಿಕದಿಂದ ಬಂದ ಹಳೇ ಒಂದು ಸೆಂಟ್ ನಾಣ್ಯ ಇದೆ, ನೇರಳೆ-ನೀಲಿ ಬಣ್ಣ ತಿರುಗಿದೆ, ಇದನ್ನ ತೊಳೀಬೇಕಾ, ಬೆಲೆ ಎಷ್ಟಾಗತ್ತೆ, ಬಣ್ಣ ಅಸಲಿನಾ?" ಈ ಮೂರು ಪ್ರಶ್ನೆ ಒಟ್ಟಿಗೇ ಬರತ್ತೆ, ತಿಂಗಳಿಗೆ ನಾಲ್ಕೈದು ಸಲ ಬರತ್ತೆ, ಪ್ರತಿ ಸಲ ಅದನ್ನೇ ಟೈಪ್ ಮಾಡಿ ಬೆರಳು ನೋವು, ಅದಕ್ಕೇ ಒಂದ್ಸಲ ಎಲ್ಲಾ ಬರೆದಿಟ್ಬಿಡ್ತೀನಿ.

ಮೊದಲ್ನೇ ಪ್ರಶ್ನೆಗೆ ಉತ್ತರ ಈಗ್ಲೇ ಹೇಳ್ತೀನಿ, ಯಾಕಂದ್ರೆ ಉಳಿದಿದ್ದು ಓದೋ ಅಷ್ಟ್ರಲ್ಲಿ ನೀವು ಅಡುಗೆಮನೆಗೆ ಹೋಗ್ಬಿಟ್ಟಿರ್ತೀರಿ. ತೊಳೀಬೇಡಿ. ಹಬ್ಬ ಬಂತು ಅಂದ್ರೆ ತಾಮ್ರದ ಚೊಂಬು, ಪಂಚಪಾತ್ರೆ ಎಲ್ಲಾ ಹುಣಸೆಹಣ್ಣಲ್ಲಿ ತಿಕ್ಕಿ ಫಳಫಳ ಅನ್ನಿಸೋ ಜನ ನಾವು, ತಾಮ್ರ ಕಪ್ಪಾಯ್ತು ಅಂದ್ರೆ ಕೊಳೆ ಅಂತಲೇ ನಮ್ಮ ಲೆಕ್ಕ. ನಾಣ್ಯದಲ್ಲಿ ಇದು ಪೂರ್ತಿ ಉಲ್ಟಾ. ಹುಣಸೆಹುಳಿ ಬಣ್ಣದ ಪದರ ತೆಗೀತಾ ಅದರ ಕೆಳಗಿರೋ ಅಸಲಿ ಹೊಳಪನ್ನೂ ತಿಂದು ಹಾಕತ್ತೆ, ಉಳಿಯೋದು ಒಂಥರಾ ಗುಲಾಬಿ ಬಣ್ಣದ ಸತ್ತ ತಾಮ್ರ, ಅದನ್ನ ನಾಣ್ಯ ಸಂಗ್ರಹಿಸೋ ಯಾವ ಕಲೆಕ್ಟರ್ ಕೂಡ ಒಂದೇ ನೋಟಕ್ಕೆ ಗುರುತಿಸ್ತಾನೆ. ನಿಂಬೆಹಣ್ಣು, ಪೀತಾಂಬರಿ ಪುಡಿ, ಟೂತ್‌ಪೇಸ್ಟ್, ಎಲ್ಲಾ ಅದೇ ಕಥೆ.

ಈಗ ವಿಷಯಕ್ಕೆ ಬರೋಣ.

ಏನೇನು ಬೇಕು

5 ಅಥವಾ 7 ಪಟ್ಟು ದೊಡ್ಡದು ಮಾಡಿ ತೋರಿಸೋ ಒಂದು ಲೂಪ್, ಅಂದ್ರೆ ವಾಚ್ ರಿಪೇರಿಯವರು ಕಣ್ಣಿಗೆ ಇಟ್ಕೊಳೋ ಥರದ ಭೂತಗನ್ನಡಿ. ಒಂದೇ ಬಲ್ಬಿನ ಟೇಬಲ್ ಲ್ಯಾಂಪ್, ಹಳೇ ಕಾಲದ ಹಳದಿ ಬಲ್ಬು ಅಥವಾ ಹ್ಯಾಲೊಜೆನ್ ಆದ್ರೆ ಒಳ್ಳೇದು, ಟ್ಯೂಬ್‌ಲೈಟ್ ಬೇಡ್ವೇ ಬೇಡ, ಅದರ ಬೆಳಕು ಎಲ್ಲಾ ಕಡೆಯಿಂದ ಬಿದ್ದು ಸಣ್ಣ ಗೀರುಗಳನ್ನೆಲ್ಲಾ ಮುಚ್ಚಿಬಿಡತ್ತೆ. 0.01 ಗ್ರಾಂವರೆಗೂ ತೋರಿಸೋ ಸಣ್ಣ ತಕ್ಕಡಿ. ಕೆಳಗೆ ಹಾಸೋಕೆ ಮೆತ್ತನೆ ಬಟ್ಟೆ, ಕೈ ಜಾರಿದ್ರೂ ನಾಣ್ಯಕ್ಕೆ ಪೆಟ್ಟಾಗಬಾರದು.

ಜೊತೆಗೆ ಹೋಲಿಸೋಕೆ ಅಗ್ಗದ ಒಂದು ಸವೆದ ಕಂದು ಸೆಂಟ್ ಇಟ್ಕೊಳಿ. ಊರಲ್ಲೇ ಇರೋರು ಐದನೇ ಜಾರ್ಜ್ ಕಾಲಾಣೆ ತಗೊಂಡು ಅಭ್ಯಾಸ ಮಾಡಿ, ಅದೂ ಕಂಚೇ, ಬಣ್ಣ ತಿರುಗೋ ರೀತಿ ಹೆಚ್ಚುಕಮ್ಮಿ ಇದೇ, ಹಾಳಾದ್ರೂ ಹೊಟ್ಟೆ ಉರಿಯಲ್ಲ.

1. ಕೈಯಲ್ಲಿರೋದು ಯಾವ ನಾಣ್ಯ ಅಂತ ಖಾತ್ರಿ ಮಾಡ್ಕೊಳಿ

ಲಿಂಕನ್ ಸೆಂಟ್, ಅಂದ್ರೆ ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಮುಖ ಇರೋ ಒಂದು ಸೆಂಟ್ ನಾಣ್ಯ, ಚಲಾವಣೆಗೆ ಬಂದಿದ್ದು 1909ರ ಆಗಸ್ಟ್ 2ಕ್ಕೆ, ಲಿಂಕನ್ ಹುಟ್ಟಿ ನೂರು ವರ್ಷ ಆದ ವರ್ಷ. ವಿನ್ಯಾಸ ವಿಕ್ಟರ್ ಡೇವಿಡ್ ಬ್ರೆನರ್ ಅವರದ್ದು. ಹಿಂಭಾಗದಲ್ಲಿ ಎರಡು ಗೋಧಿ ತೆನೆ, ಅದಕ್ಕೇ ಇದನ್ನ ವೀಟ್ ಸೆಂಟ್ ಅಂತಾರೆ, ಈ ತೆನೆ 1958ರವರೆಗೂ ಇತ್ತು. ನಾನಿಲ್ಲಿ ಮಾತಾಡ್ತಿರೋದು 1909ರಿಂದ 1930ರ ದಶಕದವರೆಗಿನ ನಾಣ್ಯಗಳ ಬಗ್ಗೆ. 95 ಭಾಗ ತಾಮ್ರ, ಉಳಿದ 5 ಭಾಗ ತವರ ಮತ್ತೆ ಸತು. ತೂಕ 3.11 ಗ್ರಾಂ, ಅಡ್ಡಳತೆ ಸುಮಾರು 19 ಮಿಲಿಮೀಟರ್. 1943ರದ್ದು ಸತು ಲೇಪಿಸಿದ ಉಕ್ಕು, ಅದು ಈ ಲೆಕ್ಕಕ್ಕೆ ಬರಲ್ಲ.

ಇಸವಿ ಕೆಳಗೆ ಸಣ್ಣ ಅಕ್ಷರ ಇದೆಯಾ ನೋಡಿ, ಅದು ಮಿಂಟ್ ಮಾರ್ಕ್, ಯಾವ ಟಂಕಸಾಲೆಯಲ್ಲಿ ಹೊಡೆದಿದ್ದು ಅನ್ನೋ ಗುರುತು. ಎಸ್ ಅಂದ್ರೆ ಸ್ಯಾನ್ ಫ್ರಾನ್ಸಿಸ್ಕೊ, ಡಿ ಅಂದ್ರೆ ಡೆನ್ವರ್ (ಡೆನ್ವರ್ ಸೆಂಟ್ ಹೊಡೆಯೋಕೆ ಶುರು ಮಾಡಿದ್ದು 1911ರಲ್ಲಿ), ಏನೂ ಇಲ್ಲ ಅಂದ್ರೆ ಫಿಲಡೆಲ್ಫಿಯಾ.

2. ಬಣ್ಣ ಎಲ್ಲಿಂದ ಬಂತು ಅಂತ ಅರ್ಥ ಮಾಡ್ಕೊಳಿ

ನಾಣ್ಯದ ಮೇಲೆ ಸಮಯ ಕಳೆದ ಹಾಗೆ ಬರೋ ಬಣ್ಣಕ್ಕೆ ಟೋನಿಂಗ್ ಅಂತಾರೆ. ಗಾಳಿಯಲ್ಲಿರೋ ಆಮ್ಲಜನಕ, ತೇವ, ಕಾಗದ-ರಟ್ಟಲ್ಲಿರೋ ಗಂಧಕ, ಇವು ತಾಮ್ರದ ಜೊತೆ ಸೇರಿ ತುಂಬಾ ತೆಳ್ಳನೆ ಪದರ ಕಟ್ಟತ್ತೆ. ಆ ಪದರದಲ್ಲಿ ಬಣ್ಣದ ಪುಡಿ ಏನೂ ಇಲ್ಲ, ಮಳೆಗಾಲದಲ್ಲಿ ರಸ್ತೆ ಮೇಲಿನ ನೀರಿಗೆ ಪೆಟ್ರೋಲ್ ಬಿದ್ದಾಗ ಕಾಮನಬಿಲ್ಲು ಕಾಣತ್ತಲ್ಲ, ಅದೇ ಆಟ. ಪದರ ದಪ್ಪ ಆಗ್ತಾ ಹೋದ ಹಾಗೆ ಕೆಂಪು-ಕಿತ್ತಳೆ ಇದ್ದಿದ್ದು ಹೊನ್ನಿನ ಬಣ್ಣಕ್ಕೆ, ಆಮೇಲೆ ಗುಲಾಬಿ-ನೇರಳೆಗೆ, ಅಲ್ಲಿಂದ ನೀಲಿ ಹಸಿರಿಗೆ ಸರಿಯತ್ತೆ, ಇನ್ನೂ ದಪ್ಪ ಆದ್ರೆ ಕಂದು. ಈ ಸರಿಯೋ ಕ್ರಮ ನೆನಪಿಟ್ಕೊಳಿ, ನಕಲಿ ಬಣ್ಣ ಹಿಡಿಯೋವಾಗ ಬೇಕಾಗತ್ತೆ.

1930ರ ದಶಕದಲ್ಲಿ ಅಮೆರಿಕದಲ್ಲಿ ರಟ್ಟಿನ ಹಾಳೆಯಲ್ಲಿ ತೂತು ಮಾಡಿ ಪ್ರತಿ ಇಸವಿಗೂ ಒಂದು ಜಾಗ ಇಟ್ಟು ಸೆಂಟ್ ತುಂಬಿಸೋ ಹುಚ್ಚು ಜೋರಾಗಿತ್ತು. ಆ ರಟ್ಟಿನ ಗಂಧಕ ತೂತಿನ ಅಂಚಿಂದ ಒಳಗೆ ಬಂದಿದ್ದಕ್ಕೆ ನಾಣ್ಯದ ಅಂಚಲ್ಲಿ ನೀಲಿ ಬಳೆ, ಅದರ ಒಳಗೆ ನೇರಳೆ, ಮಧ್ಯದಲ್ಲಿ ಇನ್ನೂ ಕೆಂಪು, ಹೀಗೆ ಬಳೆ ಬಳೆಯಾಗಿ ಬಣ್ಣ ಬಂದಿರತ್ತೆ. ಕಾಗದದ ಸುರುಳಿಯಲ್ಲಿ ಕಟ್ಟಿಟ್ಟ ನಾಣ್ಯಗಳಲ್ಲಿ ತುದೀಲಿ ಇದ್ದಿದ್ದಕ್ಕೆ ಒಂದೇ ಮುಖಕ್ಕೆ ಬಣ್ಣ. ಕಂದು ಕಾಗದದ ಲಕೋಟೆಯಲ್ಲಿ ವರ್ಷಗಟ್ಟಲೆ ಕೂತಿದ್ದಕ್ಕೆ ಇಡೀ ಮುಖಕ್ಕೆ ಮೆತ್ತನೆ ನೇರಳೆ. ಹಾಗಾಗಿ ಬಣ್ಣ ನೋಡಿದ ತಕ್ಷಣ "ಇದು ಎಲ್ಲಿ ಕೂತಿತ್ತು?" ಅಂತ ಕೇಳ್ಕೊಳಿ, ಅದಕ್ಕೆ ನಂಬೋ ಥರ ಉತ್ತರ ಹೊಳೀಬೇಕು.

ಇನ್ನೊಂದು ಜಾತಿ ಇದೆ, ಅದು ನನಗೆ ತುಂಬಾ ಇಷ್ಟ. ಶುರುವಿನ ವರ್ಷಗಳಲ್ಲಿ ತಾಮ್ರ, ತವರ, ಸತು ಸರಿಯಾಗಿ ಬೆರೆಯದೆ ಹಾಗೇ ತಗಡಾಗಿ ಎಳೆದಿದ್ದಕ್ಕೆ ಕೆಲವು ಸೆಂಟ್‌ಗಳಲ್ಲಿ ಮರದ ಹಲಗೆಯ ಎಳೆ ಥರ ಉದ್ದುದ್ದ ಪಟ್ಟೆ ಕಾಣತ್ತೆ, ವುಡಿ ಅಂತಾರೆ, ತೇಗದ ಬಾಗಿಲು ನೋಡಿದ ಹಾಗೆ. ಇದು ಡ್ಯಾಮೇಜ್ ಅಲ್ಲ, ಹೆದರಬೇಡಿ, ಇದನ್ನೇ ಹುಡುಕಿ ಕೊಳ್ಳೋರಿದ್ದಾರೆ.

3. ಬಣ್ಣ ಮರೆತು ಹೊಳಪು ನೋಡಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಓದ್ತೀನಿ ಅನ್ನೋರು ಇದನ್ನ ಓದಿ.

ಹೊಸ ನಾಣ್ಯ ಅಚ್ಚಲ್ಲಿ ಒತ್ತಿಸ್ಕೊಂಡಾಗ ಲೋಹ ಮಧ್ಯದಿಂದ ಅಂಚಿನ ಕಡೆ ಹರಿಯತ್ತೆ, ಹರಿದ ಗುರುತಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆ ಉಳಿಯತ್ತೆ, ಬೆಳಕು ಆ ಗೆರೆಗಳ ಮೇಲೆ ಬಿದ್ದಾಗ ನಾಣ್ಯ ವಾಲಿಸಿದ್ರೆ ಒಂದು ಹೊಳಪಿನ ಪಟ್ಟಿ ಗಾಡಿ ಚಕ್ರದ ಕಡ್ಡಿ ಥರ ಸುತ್ತತ್ತೆ. ಇದೇ ಲಸ್ಟರ್, ಸುತ್ತೋದಕ್ಕೆ ಕಾರ್ಟ್‌ವೀಲ್ ಅಂತಾರೆ. ಒಮ್ಮೆ ಜೇಬಲ್ಲಿ ಓಡಾಡಿದ ನಾಣ್ಯದಲ್ಲಿ ಎತ್ತರದ ಜಾಗಗಳಲ್ಲಿ ಇದು ಮುರಿದಿರತ್ತೆ, ತಿಕ್ಕಿ ತೊಳೆದಿದ್ರಲ್ಲಿ ಎಲ್ಲಾ ಕಡೆ ಸತ್ತಿರತ್ತೆ.

ಮಾಡ್ಬೇಕಾದ್ದು ಇಷ್ಟು. ಕೋಣೆಯ ಬೇರೆ ಲೈಟ್ ಆರಿಸಿ. ನಾಣ್ಯನ ಅಂಚಲ್ಲಿ ಹಿಡೀರಿ, ಮುಖ ಮುಟ್ಟಬೇಡಿ, ಹಾಗೇ ಅದರ ಮೇಲೆ ಬಾಗಿ ಮಾತಾಡ್ಲೂ ಬೇಡಿ, ಎಂಜಲಿನ ಒಂದು ಹನಿ ಸಾಕು ಆಮೇಲೆ ಕಪ್ಪು ಚುಕ್ಕೆ ಆಗೋಕೆ. ಲ್ಯಾಂಪ್ ಕೆಳಗೆ ನಿಧಾನಕ್ಕೆ ವಾಲಿಸ್ತಾ ಒಂದು ಸುತ್ತು ತಿರುಗಿಸಿ. ಒಳ್ಳೇ ಟೋನಿಂಗ್ ಇರೋ ಸೆಂಟ್‌ನಲ್ಲಿ ಹೊಳಪಿನ ಪಟ್ಟಿ ಬಣ್ಣದ ಅಡಿಯಿಂದ ಹಾದುಹೋಗತ್ತೆ, ನೀಲಿಯಿಂದ ನೇರಳೆಗೆ ದಾಟೋವಾಗ್ಲೂ ಎಲ್ಲೂ ತಡೆಯಲ್ಲ. ಡಬಲ್ ಶೇಡ್ ರೇಷ್ಮೆ ಸೀರೆ ಸೆರಗು ಬೆಳಕಲ್ಲಿ ಆಡಿಸಿದ್ರೆ ಬಣ್ಣ ಓಡಾಡತ್ತಲ್ಲ, ಹಾಗೆ. ಪಟ್ಟಿ ಎಲ್ಲಾದ್ರೂ ಒಂದು ಜಾಗಕ್ಕೆ ಬಂದು ನಿಂತುಹೋಯ್ತು, ಅಥವಾ ಇಡೀ ನಾಣ್ಯ ಪೇಂಟ್ ಬಳಿದ ಹಾಗೆ ಒಂದೇ ಸಮ ಮಂಕಾಗಿದೆ ಅಂದ್ರೆ ಬಣ್ಣ ಎಷ್ಟೇ ಚೆಂದ ಇರ್ಲಿ, ಕೈಬಿಡಿ.

ಒಂದು ಎಚ್ಚರಿಕೆ: 1909ರಿಂದ 1916ರವರೆಗೆ ಫಿಲಡೆಲ್ಫಿಯಾದಲ್ಲಿ ಕಲೆಕ್ಟರ್‌ಗಳಿಗೆ ಅಂತ ಬೇರೆಯಾಗಿ ಮ್ಯಾಟ್ ಪ್ರೂಫ್ ಅನ್ನೋ ನಾಣ್ಯ ಮಾಡ್ತಿದ್ರು. ಅವುಗಳ ಮೈ ಸಣ್ಣ ಮರಳಿನ ಥರ, ಚಕ್ರದ ಹೊಳಪು ಇರಲ್ಲ, ಅಂಚು ಚಾಕುವಲ್ಲಿ ಕತ್ತರಿಸಿದ ಹಾಗೆ ಚೌಕವಾಗಿ ಚೂಪಾಗಿರತ್ತೆ. ತೆಳು ಕಾಗದದಲ್ಲಿ ಸುತ್ತಿ ಕೊಡ್ತಿದ್ದಿದ್ರಿಂದ ಅವುಗಳಲ್ಲಿ ಬಣ್ಣ ಬಂದಿರೋವೇ ಜಾಸ್ತಿ. ಹೊಳಪು ಸುತ್ತಲ್ಲ ಅಂತ ಇಂಥದ್ದನ್ನ ಬಿಸಾಡಬೇಡಿ, ಅಂಚು ನೋಡಿ ಅನುಮಾನ ಬಂದ್ರೆ ತಿಳಿದವರಿಗೆ ತೋರಿಸಿ.

4. ಗ್ರೇಡ್ ಅಂದಾಜು ಮಾಡಿ

ಗ್ರೇಡ್ ಅಂದ್ರೆ ನಾಣ್ಯದ ಸ್ಥಿತಿಗೆ ಕೊಡೋ ಅಂಕ, 1ರಿಂದ 70. ವಿಲಿಯಂ ಶೆಲ್ಡನ್ ಅನ್ನೋರು 1949ರಲ್ಲಿ ಹಳೇ ದೊಡ್ಡ ಸೆಂಟ್‌ಗಳಿಗೆ ಅಂತ ಮಾಡಿದ್ದು, ಈಗ ಎಲ್ಲಾ ನಾಣ್ಯಕ್ಕೂ ಇದೇ. 60ರಿಂದ ಮೇಲೆ ಎಂಎಸ್, ಅಂದ್ರೆ ಚಲಾವಣೆಗೆ ಹೋಗಿಲ್ಲದ್ದು. 50ರಿಂದ 58 ಎಯು, ಸ್ವಲ್ಪವೇ ಸವೆದಿದ್ದು.

ಲಿಂಕನ್ ಸೆಂಟ್‌ನಲ್ಲಿ ಮೊದಲು ಸವೆಯೋದು ಮುಂಭಾಗದ ಕೆನ್ನೆಮೂಳೆ ಮತ್ತು ದವಡೆ, ಹಿಂಭಾಗದಲ್ಲಿ ಗೋಧಿ ತೆನೆಗಳ ಮೇಲಿನ ಗೆರೆ. ಲೂಪ್ ಹಿಡಿದು ಕೆನ್ನೆ ನೋಡಿ. ಸುತ್ತಲೂ ನೇರಳೆ ಇದ್ದು ಕೆನ್ನೆ ಮೇಲೆ ಮಾತ್ರ ಮಂಕು ಕಂದು, ಹೊಳಪು ಅಲ್ಲಿ ಹಾದುಹೋಗ್ತಿಲ್ಲ ಅಂದ್ರೆ ಸವೆತ, ಅದು ಎಯು. ಕೆನ್ನೆ ಕಂದಾಗಿದ್ರೂ ಹೊಳಪು ಹಾದುಹೋಗತ್ತೆ ಅಂದ್ರೆ ಬರೀ ಬಣ್ಣ, ಎಂಎಸ್ ಆಗ್ಬಹುದು. ಹೊಸಬರು ಇಲ್ಲೇ ಜಾಸ್ತಿ ಎಡವೋದು, ಬಣ್ಣ ಸವೆತನ ಮುಚ್ಚತ್ತೆ, ಕೆಲವು ಸಲ ಇಲ್ಲದ ಸವೆತನೂ ತೋರಿಸತ್ತೆ.

ನಾನು ಮಾಡೋ ಒಂದು ಉಪಾಯ ಇದೆ, ಫೋನಲ್ಲಿ ಫೋಟೊ ತೆಗೆದು ಕಪ್ಪು-ಬಿಳುಪು ಮಾಡ್ಕೊಂಡು ನೋಡ್ತೀನಿ. ಬಣ್ಣದ ಅಮಲು ಇಳಿಯತ್ತೆ, ಕೆನ್ನೆ ಮೇಲಿನ ಪೆಟ್ಟು, ಮುಖದ ಎದುರಿನ ಖಾಲಿ ಜಾಗದ ಗೀರು ಎಲ್ಲಾ ಹಾಗೇ ಎದ್ದು ಕಾಣತ್ತೆ. ಎಂಎಸ್ ಒಳಗೆ 63, 65, 66 ಅಂತ ವ್ಯತ್ಯಾಸ ಬರೋದು ಬಹುಪಾಲು ಈ ಪೆಟ್ಟುಗಳು ಎಷ್ಟು, ಎಲ್ಲಿ ಅನ್ನೋದ್ರ ಮೇಲೆ. ಕೆನ್ನೆ ಮೇಲಿನ ಒಂದು ಪೆಟ್ಟು ತೆನೆ ಮಧ್ಯದ ಮೂರು ಪೆಟ್ಟಿಗೆ ಸಮ. ಹಳೇ ಆಲ್ಬಮ್‌ನಿಂದ ಬಂದಿದ್ದಾದ್ರೆ ಕೆನ್ನೆಗೆ ಅಡ್ಡಲಾಗಿ ಒಂದೇ ದಿಕ್ಕಲ್ಲಿ ಸಣ್ಣ ಗೀರುಗಳಿವೆಯಾ ನೋಡಿ, ಆಲ್ಬಮ್‌ನ ಪಾರದರ್ಶಕ ಪಟ್ಟಿ ಎಳೆದೂ ಎಳೆದೂ ಆಗೋದು ಅದು.

1920ರ ದಶಕದ ಡೆನ್ವರ್, ಸ್ಯಾನ್ ಫ್ರಾನ್ಸಿಸ್ಕೊ ನಾಣ್ಯಗಳಿಗೆ ಮಾತ್ರ ಸ್ವಲ್ಪ ಕರುಣೆ ತೋರಿಸಿ. ಸವೆದ ಅಚ್ಚಲ್ಲೇ ಹೊಡೆದು ಹೊಡೆದು ಕಳಿಸಿದ್ರು, ಹೊಸದಾಗಿದ್ದಾಗ್ಲೇ ಗಡ್ಡ ಮಸುಕು, ತೆನೆ ಗೆರೆ ಮಸುಕು, ಹಿಂಭಾಗದ "ಒನ್" ಪದದ ಮೊದಲ ಅಕ್ಷರ ಅರ್ಧ ಇಲ್ಲ. ಅಲ್ಲಿ ಸವೆತನಾ, ಹುಟ್ಟಿನ ದೋಷನಾ ಅಂತ ಹೇಳೋದು ಮತ್ತೆ ಅದೇ ಹೊಳಪು.

5. ಆರ್‌ಡಿ, ಆರ್‌ಬಿ, ಬಿಎನ್ ಅಂದ್ರೆ ಏನು

ಪಿಸಿಜಿಎಸ್, ಎನ್‌ಜಿಸಿ ಅಂತ ಗ್ರೇಡ್ ಮಾಡಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿ ಕೊಡೋ ಕಂಪನಿಗಳಿವೆ, ಆ ಡಬ್ಬಿಗೆ ಸ್ಲ್ಯಾಬ್ ಅಂತಾರೆ. ತಾಮ್ರದ ನಾಣ್ಯಕ್ಕೆ ಅಂಕದ ಜೊತೆ ಬಣ್ಣದ ಗುರುತೂ ಹಾಕ್ತಾರೆ. ಟಂಕಸಾಲೆಯಿಂದ ಬಂದ ಕೆಂಪು ಸುಮಾರು 95 ಭಾಗ ಅಥವಾ ಹೆಚ್ಚು ಉಳಿದಿದ್ರೆ ಆರ್‌ಡಿ, ಅಂದ್ರೆ ರೆಡ್. 5ಕ್ಕಿಂತ ಕಮ್ಮಿ ಇದ್ರೆ ಬಿಎನ್, ಬ್ರೌನ್. ನಡುವಿಂದೆಲ್ಲಾ ಆರ್‌ಬಿ, ರೆಡ್-ಬ್ರೌನ್.

ತಮಾಷೆ ಏನು ಅಂದ್ರೆ ಈ ಪದ್ಧತಿಯಲ್ಲಿ ನೀಲಿಗೆ ಜಾಗ ಇಲ್ಲ, ನೇರಳೆಗೆ ಜಾಗ ಇಲ್ಲ. ನವಿಲುಗರಿ ಥರ ಹೊಳೆಯೋ ಸೆಂಟ್ ಕೂಡ ಕೆಂಪು ಉಳಿದಿಲ್ಲ ಅನ್ನೋ ಕಾರಣಕ್ಕೆ ಬ್ರೌನ್ ಅಂತ ಲೇಬಲ್ ಹಚ್ಚಿಸ್ಕೊಂಡು ಬರತ್ತೆ. ಬೆಲೆಪಟ್ಟಿ ತೆಗೆದ್ರೆ ಬಿಎನ್ ಎಲ್ಲಕ್ಕಿಂತ ಅಗ್ಗ, ಆರ್‌ಡಿ ಎಲ್ಲಕ್ಕಿಂತ ದುಬಾರಿ. ಆದ್ರೆ ನಿಜವಾದ ಕಾಮನಬಿಲ್ಲಿನ ಬಿಎನ್ ಮಾರಾಟಕ್ಕೆ ಬಂದ್ರೆ ಅದೇ ಅಂಕದ ಆರ್‌ಬಿಗಿಂತ ಜಾಸ್ತಿಗೂ ಹೋಗೋದುಂಟು. ಹಾಗಾಗಿ ಲೇಬಲ್ ಓದಿ ಸುಮ್ನಾಗಬೇಡಿ. ಪಟ್ಟಿಯ ಬಿಎನ್ ಬೆಲೆಗೆ ಯಾರಾದ್ರೂ ಗೊತ್ತಿಲ್ಲದೆ ಬಣ್ಣದ್ದು ಮಾರ್ತಿದ್ರೆ ಅದೇ ನಿಮ್ಮ ಅವಕಾಶ.

ಉಲ್ಟಾನೂ ನೆನಪಿರ್ಲಿ: ಬಣ್ಣ ಚೆಂದ ಇದೆ ಅಂತ ಗ್ರೇಡ್ ಮಾಡೋರೂ ಮನುಷ್ಯರೇ ಆಗಿರೋದ್ರಿಂದ ಒಂದು ಪಾಯಿಂಟ್ ಮೇಲೆ ಹಾಕಿರ್ತಾರೆ, ಆಮೇಲೆ ಮಾರೋನು ಅದೇ ಬಣ್ಣಕ್ಕೆ ಮತ್ತೆ ದುಡ್ಡು ಕೇಳ್ತಾನೆ. ಒಂದೇ ಬಣ್ಣಕ್ಕೆ ಎರಡು ಸಲ ಕೊಡಬೇಡಿ.

6. ನಕಲಿ ಬಣ್ಣ ಹಿಡಿಯೋದು

ಕಾಸು ಬರತ್ತೆ ಅಂದ್ಮೇಲೆ ಬಣ್ಣ ಹಾಕೋರು ಹುಟ್ಕೊಳ್ದೆ ಇರ್ತಾರಾ. ಓವನ್ನಲ್ಲಿ ಬಿಸಿ ಮಾಡ್ತಾರೆ, ಗಂಧಕದ ದ್ರಾವಣದಲ್ಲಿ ಅದ್ದುತ್ತಾರೆ, ನಾಣ್ಯ ತೊಳೆಯೋ ಕೆಲವು ಲಿಕ್ವಿಡ್‌ಗಳಲ್ಲಿ ಕಂದು ಸೆಂಟ್ ಹಾಕಿದ್ರೆ ಕ್ಷಣದಲ್ಲಿ ನೀಲಿ-ನೇರಳೆ ಆಗತ್ತೆ. ನಾನೂ ಮೊದಲ ವರ್ಷ ಅಂಥದ್ದೊಂದು ನೇರಳೆ 1917ರದ್ದು ತಗೊಂಡೆ, ಆಮೇಲೆ ಅದನ್ನ ಪಾಠದ ನಾಣ್ಯ ಅಂತ ಇಟ್ಕೊಂಡಿದ್ದೀನಿ.

ನೋಡ್ಬೇಕಾದ ಗುರುತು: ಇಡೀ ನಾಣ್ಯ, ಎರಡೂ ಮುಖ, ಅಂಚು ಸಮೇತ ಒಂದೇ ಕಡು ನೇರಳೆ ಇದ್ರೆ ಅನುಮಾನ ಪಡಿ. ಬಣ್ಣ ಹೊನ್ನಿಂದ ನೇರಳೆ, ನೇರಳೆಯಿಂದ ನೀಲಿ ಅಂತ ಮೇಲೆ ಹೇಳಿದ ಕ್ರಮದಲ್ಲಿ ಮೆತ್ತಗೆ ಕರಗ್ತಾ ಹೋಗ್ಬೇಕು, ಕಿತ್ತಳೆ ಪಕ್ಕ ನೇರವಾಗಿ ಕಡುನೀಲಿ ಮಚ್ಚೆ ಇದ್ರೆ ಯಾರೋ ಹನಿ ಬಿಟ್ಟಿದ್ದಾರೆ. ಚೆನ್ನಾಗಿ ಸವೆದ, ಗಡ್ಡನೇ ಕಾಣದ ಸೆಂಟ್ ಮೇಲೆ ಜಗಮಗ ನೀಲಿ ಇದ್ರೆ ನೂರಕ್ಕೆ ತೊಂಬತ್ತು ಪಾಲು ಕೈಚಳಕ ಅಂತ ನಾನು ಅಂದ್ಕೊಳೋದು, ಜೇಬಲ್ಲಿ ತಿರುಗಿದ ತಾಮ್ರ ಹಾಗೆ ಹೊಳೆಯೋದು ಅಪರೂಪ.

ಗೀರಿನ ಒಳಗೆ ಲೂಪ್ ಹಾಕಿ ನೋಡಿ. ಗೀರಿನ ತಳದಲ್ಲೂ ಪಕ್ಕದ ಬಣ್ಣವೇ ಅಷ್ಟೇ ದಟ್ಟವಾಗಿದ್ರೆ ಬಣ್ಣ ಬಂದಿದ್ದು ಗೀರಿನ ಆಮೇಲೆ, ಅದೇನೋ ತಪ್ಪಲ್ಲ, ಆದ್ರೆ ಉದ್ದುದ್ದ ತಿಕ್ಕಿದ ಗೀರುಗಳೆಲ್ಲದರ ಮೇಲೂ ಹೊಸ ಬಣ್ಣ ಕೂತಿದ್ರೆ ತಿಕ್ಕಿ ತೊಳೆದು, ಆ ತಪ್ಪು ಮುಚ್ಚೋಕೆ ಬಣ್ಣ ಹಾಕಿದ್ದಾರೆ ಅಂತ ಅರ್ಥ. ಕಂಪನಿಗೆ ಇಂಥದ್ದು ಕಳಿಸಿದ್ರೆ ಅಂಕ ಕೊಡಲ್ಲ, "ಬಣ್ಣ ಅನುಮಾನಾಸ್ಪದ" ಅಂತ ಬರೆದು ವಾಪಸ್ ಕಳಿಸ್ತಾರೆ, ಫೀಸು ಮಾತ್ರ ಹೋಯ್ತು.

ಇನ್ನು ಹಸಿರು. ಹೊಳೆಯೋ ತೆಳು ಹಸಿರು ಟೋನಿಂಗ್. ಉಬ್ಬಿದ, ಪುಡಿಪುಡಿ, ಅಕ್ಷರದ ಸಂದಿಯಲ್ಲಿ ಕೂತ ಹಸಿರು ಕಿಲುಬು, ಹಳೇ ಹಿತ್ತಾಳೆ ಪಾತ್ರೆ ಮೂಲೆಯಲ್ಲಿ ನೋಡಿರ್ತೀರಲ್ಲ ಅದೇ. ಅದು ಲೋಹ ತಿನ್ನತ್ತೆ. ಅಂಟಂಟಾದ ಹಸಿರು ಪೊರೆ ಇದ್ರೆ ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರ್‌ನಿಂದ ಬಂದಿದ್ದು. ಎರಡೂ ಬೇಡ.

7. ಅಪರೂಪದ ಇಸವಿ ಅಂದ್ರೆ ಡಬಲ್ ಹುಷಾರು

1909ರಲ್ಲಿ ಬ್ರೆನರ್ ತಮ್ಮ ಹೆಸರಿನ ಮೂರು ಅಕ್ಷರ ವಿಡಿಬಿ ಅಂತ ಹಿಂಭಾಗದ ಕೆಳಗೆ ಹಾಕಿದ್ರು, ತುಂಬಾ ಎದ್ದು ಕಾಣತ್ತೆ ಅಂತ ಗಲಾಟೆಯಾಗಿ ಕೆಲವೇ ದಿನದಲ್ಲಿ ತೆಗೆದ್ರು, ಆಮೇಲೆ 1918ರಲ್ಲಿ ಲಿಂಕನ್ ಭುಜದ ಮೇಲೆ ಸಣ್ಣದಾಗಿ ವಾಪಸ್ ಬಂತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವಿಡಿಬಿ ಇರೋದು ಹೊಡೆದಿದ್ದು 4,84,000 ಮಾತ್ರ, ಅದಕ್ಕೇ 1909-ಎಸ್ ವಿಡಿಬಿ ಎಲ್ಲರ ಕನಸು. ಫಿಲಡೆಲ್ಫಿಯಾದ ಸೆಂಟ್‌ಗೆ ಎಸ್ ಅಂಟಿಸಿ ಮಾರೋದು ಹಳೇ ದಂಧೆ.

1914-ಡಿ ಹೊಡೆದಿದ್ದು 11,93,000. ಇದನ್ನ 1944-ಡಿಯ ಮೊದಲ 4 ಕೆರೆದು 1 ಮಾಡಿ ತಯಾರು ಮಾಡ್ತಾರೆ. ಹಿಡಿಯೋದು ಸುಲಭ: 9 ಮತ್ತು 1ರ ನಡುವೆ ಜಾಗ ವಿಪರೀತ ಜಾಸ್ತಿ ಇರತ್ತೆ, ಭುಜದ ಮೇಲೆ ವಿಡಿಬಿ ಇರತ್ತೆ. 1914ರಲ್ಲಿ ಭುಜದ ಮೇಲೆ ವಿಡಿಬಿ ಇರೋಕೇ ಸಾಧ್ಯ ಇಲ್ವಲ್ಲ. 1922ರಲ್ಲಿ ಸೆಂಟ್ ಹೊಡೆದಿದ್ದು ಡೆನ್ವರ್ ಒಂದೇ, ಹಾಗಾಗಿ ಡಿ ಇಲ್ಲದ 1922 ಕಂಡ್ರೆ ಕೆರೆದಿದ್ದಾರಾ ಅಂತ ಲೂಪಲ್ಲಿ ನೋಡಿ.

ಕಡು ಬಣ್ಣ ಇದ್ದಷ್ಟೂ ಈ ಕೆರೆತ, ಅಂಟು ಮುಚ್ಚಿಹೋಗತ್ತೆ, ಅದಕ್ಕೇ ಇಂಥ ಇಸವಿಗಳನ್ನ ಸ್ಲ್ಯಾಬ್ ಇಲ್ಲದೆ ಕೊಳ್ಳಲೇಬೇಡಿ.

8. ಕೊಳ್ಳೋವಾಗ

1909ರ ಫಿಲಡೆಲ್ಫಿಯಾ ವಿಡಿಬಿಯಿಂದ ಶುರು ಮಾಡಿ. ಹೊಸ ನಾಣ್ಯ ಅಂತ ಆಗಿನ ಜನ ಎತ್ತಿಟ್ಟಿದ್ರು, ಎರಡೂ ಮುಕ್ಕಾಲು ಕೋಟಿಗೂ ಮೇಲೆ ಹೊಡೆದಿದ್ರು, ಹಾಗಾಗಿ ಚಲಾವಣೆಗೆ ಹೋಗದ್ದು ಇವತ್ತಿಗೂ ಸಿಗತ್ತೆ, ಅಚ್ಚೂ ಚೂಪಾಗಿದೆ, ಹೊಳಪು ಕಲಿಯೋಕೆ ಇದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ.

ಫೋಟೊ ನಂಬಬೇಡಿ. ಬಣ್ಣ ಕಾಣೋ ಒಂದೇ ಕೋನದಲ್ಲಿ ತೆಗೆದಿರ್ತಾರೆ, ಕೈಗೆ ಬಂದಾಗ ಕಂದು ಬಿಲ್ಲೆ. ವಾಲಿಸಿ ತೋರಿಸೋ ವಿಡಿಯೊ ಕೇಳಿ, ಕೊಡಲ್ಲ ಅಂದ್ರೆ ಬಿಡಿ. ಸ್ಲ್ಯಾಬ್ ನಂಬರ್ ಕಂಪನಿ ಸೈಟಲ್ಲಿ ಹಾಕಿ ಅದೇ ನಾಣ್ಯನಾ ನೋಡಿ, ಸ್ಲ್ಯಾಬ್‌ಗಳನ್ನೇ ನಕಲಿ ಮಾಡೋರಿದ್ದಾರೆ. ವಾಪಸ್ ತಗೋತಾರಾ ಅಂತ ದುಡ್ಡು ಕೊಡೋ ಮೊದಲೇ ಕೇಳಿ. ಕಂಪನಿಗಳ ಗ್ಯಾರಂಟಿಯಲ್ಲಿ ತಾಮ್ರದ ಬಣ್ಣಕ್ಕೆ ಮಿತಿಗಳಿರತ್ತೆ, ಷರತ್ತು ಓದಿ.

ಅಮೆರಿಕದಲ್ಲಿ ಕೊಂಡು ಊರಿಗೆ ತರೋರಿಗೆ ಒಂದು ಮಾತು. ಗ್ರೇಡ್ ಮಾಡಿಸೋದಿದ್ರೆ ಅಲ್ಲೇ ಮಾಡಿಸ್ಕೊಂಡು ಬನ್ನಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ನಾಣ್ಯನ ಪುರಾತನ ವಸ್ತು ಅನ್ನತ್ತೆ, ಅಂಥದ್ದನ್ನ ದೇಶದಿಂದ ಹೊರಗೆ ಕಳಿಸೋಕೆ ನಿರ್ಬಂಧ ಇದೆ. ಇಲ್ಲಿಗೆ ತಂದು ಆಮೇಲೆ ಗ್ರೇಡಿಂಗ್‌ಗೆ ಅಂತ ಪೋಸ್ಟಲ್ಲಿ ಕಳಿಸೋಕೆ ಹೋಗಿ ತಲೆನೋವು ತಂದ್ಕೋಬೇಡಿ.

9. ಇಟ್ಕೊಳೋದು

ತಾಮ್ರ ಸುಮ್ನೆ ಕೂರಲ್ಲ, ಬಣ್ಣ ತಂದ ಗಾಳಿಯೇ ನಾಳೆ ಅದನ್ನ ಕಪ್ಪು ಮಾಡತ್ತೆ. ಸ್ಲ್ಯಾಬ್ ಗಾಳಿಯ ಓಟ ನಿಧಾನ ಮಾಡತ್ತೆ ಅಷ್ಟೇ, ಪೂರ್ತಿ ನಿಲ್ಲಿಸಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಜೂನ್ ಬರೋ ಮುಂಚೆಯೇ ಬಿಗಿ ಮುಚ್ಚಳದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಬಣ್ಣ ಬದಲಾಯಿಸೋ ಜಾತಿಯ ಜೆಲ್ ತಗೊಂಡ್ರೆ ಯಾವಾಗ ಒಣಗಿಸ್ಬೇಕು ಅಂತ ಅದೇ ಹೇಳತ್ತೆ. ಸ್ಲ್ಯಾಬ್ ಇಲ್ಲದ ನಾಣ್ಯಕ್ಕೆ ಮೈಲಾರ್ (ಪಿವಿಸಿ ಇಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕವರ್ ಅಥವಾ ಗಟ್ಟಿ ಪ್ಲಾಸ್ಟಿಕ್ ಕ್ಯಾಪ್ಸುಲ್. ರಬ್ಬರ್ ಬ್ಯಾಂಡ್ ಹತ್ರನೂ ಬರಬಾರದು, ಅದರಲ್ಲಿ ಗಂಧಕ ಇದೆ. ಮರದ ಪೆಟ್ಟಿಗೆ ನೋಡೋಕೆ ಚೆಂದ, ಮರ ಬಿಡೋ ಆವಿ ತಾಮ್ರಕ್ಕೆ ಆಗಲ್ಲ.

ತಂದ ದಿನವೇ ಒಂದೇ ಲ್ಯಾಂಪ್ ಕೆಳಗೆ ಎರಡೂ ಮುಖದ ಫೋಟೊ ತೆಗೆದಿಡಿ, ಆರು ತಿಂಗಳಿಗೊಮ್ಮೆ ಅದೇ ಲ್ಯಾಂಪ್ ಕೆಳಗೆ ಮತ್ತೆ ತೆಗೆದು ಹೋಲಿಸಿ. ನೀಲಿ ಅಂಚು ಒಳಗೆ ಸರೀತಿದೆ, ಹೊಸ ಚುಕ್ಕೆ ಹುಟ್ಟಿದೆ ಅನ್ನಿಸಿದ್ರೆ ನಾಣ್ಯ ಮುಟ್ಟಕ್ಕೆ ಹೋಗ್ಬೇಡಿ, ಡಬ್ಬಿ, ಜಾಗ ಬದಲಾಯಿಸಿ.